ಕಸಿಗೆ ಮುಂಚೆ ತುಂಬಬೇಕಾದ ಚೀಲ

"ತುಟಿ ಸುತ್ತ ಇರುವೆ ಹರಿದ ಹಾಗೆ ಆಗ್ತಿದೆ ಕಣೇ" ಎಂದರು ಚಿಕ್ಕಪ್ಪ. ನಾನು ಗಾಬರಿಯಿಂದ ಎದ್ದು ನಿಂತೆ. ನರ್ಸ್ ಮಾತ್ರ ನಿಧಾನವಾಗಿ ಬಂದರು. ಯಂತ್ರದ ವೇಗ ಸ್ವಲ್ಪ ತಗ್ಗಿಸಿದರು, ಕ್ಯಾಲ್ಸಿಯಂ ಹನಿ ಜಾಸ್ತಿ ಮಾಡಿದರು. ಐದಾರು ನಿಮಿಷದಲ್ಲಿ ಇರುವೆ ಹೋದವು. ರಕ್ತ ಯಂತ್ರದೊಳಗೆ ಹೆಪ್ಪುಗಟ್ಟದಿರಲಿ ಎಂದು ಅದಕ್ಕೆ ಸಿಟ್ರೇಟ್ ಬೆರೆಸುತ್ತಾರೆ. ಆ ಸಿಟ್ರೇಟ್ ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಟಿ ಜುಮುಗುಡುವುದು ಅದಕ್ಕೇ.

ಚಿಕ್ಕಪ್ಪನಿಗೆ ಮಲ್ಟಿಪಲ್ ಮೈಲೋಮಾ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಅದಕ್ಕೆ ಕೊಡುವ ಜೋರು ಕೀಮೋ ಮಜ್ಜೆಯನ್ನೂ ಸುಟ್ಟುಬಿಡುತ್ತದೆ. ಅದಕ್ಕೇ ರೋಗಿಯದೇ ರಕ್ತ ಹುಟ್ಟಿಸುವ ಕೋಶಗಳನ್ನು ಮೊದಲು ತೆಗೆದಿಟ್ಟು, ಕೀಮೋ ಆದ ಮೇಲೆ ವಾಪಸ್ ಏರಿಸುತ್ತಾರೆ. ಕಸಿ ಅಂದರೆ ಅದೇ. ಕತ್ತಿನ ಪಕ್ಕ ಹಾಕಿದ ಕೊಳವೆಯ ಒಂದು ಬಾಯಿಂದ ರಕ್ತ ಹೊರಗೆ ಹೋಗುತ್ತಿತ್ತು, ಇನ್ನೊಂದು ಬಾಯಿಂದ ವಾಪಸ್ ಬರುತ್ತಿತ್ತು. ನಡುವೆ ಯಂತ್ರ ಅದನ್ನು ಗಿರಗಿರ ತಿರುಗಿಸಿ, ತನಗೆ ಬೇಕಾದ ಒಂದು ತೆಳು ಪದರವನ್ನಷ್ಟೇ ತೆಗೆದು ಮೇಲೆ ತೂಗುಹಾಕಿದ ಚೀಲಕ್ಕೆ ಕಳಿಸುತ್ತಿತ್ತು. ನಾಲ್ಕು ಗಂಟೆ ಕೂತೆವು. ಹತ್ತು ಲೀಟರಿಗೂ ಜಾಸ್ತಿ ರಕ್ತ ಆ ಯಂತ್ರದೊಳಗೆ ಸುತ್ತು ಹಾಕಿ ಬಂತು. ಕೊನೆಗೆ ಚೀಲದಲ್ಲಿ ಉಳಿದದ್ದು ಒಂದು ದೊಡ್ಡ ಲೋಟ ತುಂಬುವಷ್ಟು, ಟೊಮೆಟೊ ಸಾರಿನ ಬಣ್ಣದ ದ್ರವ. "ಇಷ್ಟೇನಾ?" ಎಂದು ಚಿಕ್ಕಮ್ಮ ಕೇಳಿದರು.

ಮನೆಗೆ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಆಪರೇಷನ್ ಯಾವಾಗ? ನಾವು ಮೊದಲು ಹಾಗೇ ಅಂದುಕೊಂಡಿದ್ದೆವು. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಅಂದರೆ ಎಲ್ಲೋ ಮೂಳೆ ಕೊರೆದು ಏನೋ ತುಂಬುತ್ತಾರೆ ಅಂತ. ನಿಜ ಏನೆಂದರೆ ರೋಗಿಗೆ ಅಲ್ಲಿ ಆಪರೇಷನ್ನೇ ಇಲ್ಲ. ಕಸಿಯ ದಿನ ನಡೆಯುವುದು ರಕ್ತ ಏರಿಸಿದ ಹಾಗೆ ಒಂದು ಚೀಲ ಹನಿಸುವುದು. ಅರ್ಧ ಮುಕ್ಕಾಲು ಗಂಟೆಯ ಕೆಲಸ. ಕಸಿ ಗೆಲ್ಲುತ್ತದೋ ಸೋಲುತ್ತದೋ ಎನ್ನುವುದರ ದೊಡ್ಡ ಪಾಲು ಅದಕ್ಕೆ ಮುಂಚೆಯೇ ತೀರ್ಮಾನ ಆಗಿರುತ್ತದೆ. ಆ ಚೀಲದೊಳಗೆ ಏನಿದೆ, ಎಷ್ಟಿದೆ, ಯಾರಿಂದ ಬಂತು, ಹೇಗೆ ಇಟ್ಟಿದ್ದರು ಎನ್ನುವುದರಲ್ಲಿ. ಇದರ ಬಗ್ಗೆ ನಮ್ಮಲ್ಲಿ ಮಾತು ತುಂಬಾ ಕಡಿಮೆ. ಯಾವ ಆಸ್ಪತ್ರೆ, ಎಷ್ಟು ಖರ್ಚು ಅಂತ ಎಲ್ಲರೂ ಕೇಳುತ್ತಾರೆ. ಆ ಕೋಶಗಳು ಎಲ್ಲಿಂದ ಬರುತ್ತವೆ ಅಂತ ಕೇಳುವವರು ಕಡಿಮೆ. ನಮ್ಮ ದೇಶದಲ್ಲಿ ಕಸಿ ಬೇಕಾದ ಎಷ್ಟೋ ಮಂದಿಗೆ ಅದು ಸಿಗದೆ ಹೋಗುವುದು ಇದೇ ಜಾಗದಲ್ಲಿ.

ನಮ್ಮ ಮೈ ದಿನವೂ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣಗಳನ್ನು ಹೊಸದಾಗಿ ಮಾಡುತ್ತದೆ. ಬಿಳಿಯವು, ಪ್ಲೇಟ್‌ಲೆಟ್‌ಗಳು ಬೇರೆ. ಇವೆಲ್ಲಕ್ಕೂ ಮೂಲ ಮಜ್ಜೆಯೊಳಗೆ ಕೂತಿರುವ ಬಹಳ ಸಣ್ಣ ಗುಂಪಿನ ಆಕರಕೋಶಗಳು. ಸ್ಟೆಮ್ ಸೆಲ್ ಅಂತ ನಾವು ಕೇಳುತ್ತೇವಲ್ಲ, ಅವೇ. ಎರಡು ಗುಣ ಇದ್ದರೆ ಮಾತ್ರ ಅದು ಆಕರಕೋಶ. ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಬೇಕು, ಜೊತೆಗೆ ಎಲ್ಲ ಬಗೆಯ ರಕ್ತಕಣಗಳನ್ನೂ ಕೊಡಬೇಕು. ಬಿತ್ತನೆಗೆ ಎತ್ತಿಟ್ಟ ರಾಗಿ ಮತ್ತು ಬೀಸಲು ಇಟ್ಟ ರಾಗಿ ನೋಡಲು ಒಂದೇ ಥರ ಇದ್ದರೂ ರೈತನ ಮನೆಯಲ್ಲಿ ಎರಡೂ ಬೇರೆ ಅಲ್ವಾ? ಇದೂ ಹಾಗೇ. ಚೀಲ ತುಂಬಾ ರಕ್ತಕಣ ಇದ್ದರೆ ಸಾಲದು. ಅದರಲ್ಲಿ ಬಿತ್ತನೆ ಕಾಳು ಎಷ್ಟಿದೆ ಎನ್ನುವುದೇ ಲೆಕ್ಕ.

ಈ ಲೆಕ್ಕ ಗೊತ್ತಿಲ್ಲದ ಕಾಲವೂ ಇತ್ತು. 1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಆರು ರೋಗಿಗಳಿಗೆ ಬೇರೆಯವರ ಮಜ್ಜೆ ಏರಿಸಿದ ವರದಿ ಪ್ರಕಟಿಸಿದರು. ಯಾರೂ ನೂರು ದಿನ ದಾಟಲಿಲ್ಲ. ಎಷ್ಟು ಕೊಡಬೇಕು, ಯಾರದನ್ನು ಯಾರಿಗೆ ಕೊಡಬಹುದು ಎನ್ನುವುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1958ರಲ್ಲಿ ಫ್ರಾನ್ಸಿನ ಜಾನ್ ದೋಸೆ ಬಿಳಿ ರಕ್ತಕಣದ ಮೇಲಿರುವ ಗುರುತುಗಳನ್ನು ಮೊದಲು ಕಂಡರು. ಇವತ್ತು ನಾವು ಎಚ್‌ಎಲ್‌ಎ ಎನ್ನುವುದು ಅದನ್ನೇ. 1961ರಲ್ಲಿ ಟೊರಾಂಟೋದಲ್ಲಿ ಟಿಲ್ ಮತ್ತು ಮೆಕಲ್ಲೋ ಇಲಿಗಳಲ್ಲಿ ಆಕರಕೋಶ ಇದೆ ಎಂದು ತೋರಿಸಿದರು. 1968ರಲ್ಲಿ ಮಿನೆಸೋಟಾದಲ್ಲಿ ರಾಬರ್ಟ್ ಗುಡ್ ಅವರ ತಂಡ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಒಂದು ಮಗುವಿಗೆ ಅಕ್ಕನ ಮಜ್ಜೆ ಕೊಟ್ಟು ಉಳಿಸಿತು. ಥಾಮಸ್ ಅವರು ಸೋತ ಮೇಲೂ ಬಿಡಲಿಲ್ಲ. 1990ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಮೂರು ವರ್ಷದ ನಂತರ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯೂ ಕಸಿ ಶುರುಮಾಡಿತು.

ಈಗ ಚೀಲ ತುಂಬುವ ಕೆಲಸಕ್ಕೆ ಬರೋಣ.

ಹಳೆಯ ದಾರಿ ನೇರವಾಗಿ ಮಜ್ಜೆ ತೆಗೆಯುವುದು. ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಮೂಳೆಗೆ ಸೂಜಿ ಚುಚ್ಚಿ, ಸ್ವಲ್ಪ ಸ್ವಲ್ಪವೇ ಎಳೆಯುತ್ತಾರೆ. ದಾನಿಯ ತೂಕದ ಪ್ರತಿ ಕಿಲೋಗೆ ಸುಮಾರು 10ರಿಂದ 20 ಮಿಲಿಲೀಟರ್. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ "ಬೆನ್ನುಹುರಿಗೆ ಕೈ ಹಾಕ್ತಾರೆ, ಆಮೇಲೆ ಕೈಕಾಲು ಬಿದ್ದು ಹೋಗುತ್ತೆ" ಎನ್ನುವ ಭಯ ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಎರಡನೇ ದಾರಿ. ಮಜ್ಜೆಯಲ್ಲಿ ಕೂತ ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ಅಲ್ಲಿಂದ ಹಿಡಿಯುವುದು. ಇದಕ್ಕೆ ಜಿ-ಸಿಎಸ್‌ಎಫ್ ಎನ್ನುವ ಇಂಜೆಕ್ಷನ್ ನಾಲ್ಕೈದು ದಿನ ಕೊಡುತ್ತಾರೆ. ಮಜ್ಜೆ ಜೋರಾಗಿ ಕೆಲಸಕ್ಕೆ ಇಳಿಯುತ್ತದೆ, ಕೋಶಗಳು ತುಂಬಿ ತುಳುಕಿ ಹೊರಗೆ ಬರುತ್ತವೆ. ಮೂರನೇ ದಿನಕ್ಕೇ ಚಿಕ್ಕಪ್ಪ "ಸೊಂಟದ ಮೂಳೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗಿದೆ" ಎಂದರು. ಡಾಕ್ಟರ್ ಅದನ್ನು ಕೇಳಿ ಖುಷಿಪಟ್ಟರು! ನೋವು ಬಂದಿದೆ ಅಂದರೆ ಮಜ್ಜೆ ಓಗೊಟ್ಟಿದೆ ಅಂತ. ಪ್ಯಾರಸಿಟಮಾಲ್‌ಗೆ ನೋವು ತಗ್ಗಿತು.

ಎಷ್ಟು ಬೇಕು? ಆಕರಕೋಶವನ್ನು ಕಣ್ಣಿಂದ ನೋಡಿ ಗುರುತಿಸಲು ಆಗುವುದಿಲ್ಲ. 1984ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕರ್ಟ್ ಸಿವಿನ್ ಒಂದು ಗುರುತು ಕಂಡುಹಿಡಿದರು. ಈ ಬಗೆಯ ಎಳೆಯ ಕೋಶಗಳ ಮೈಮೇಲೆ ಸಿಡಿ34 ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ, ಲೇಸರ್ ಮುಂದೆ ಒಂದೊಂದೇ ಕೋಶವನ್ನು ಹಾಯಿಸಿ ಎಣಿಸುವ ಯಂತ್ರ ಇದೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶ ಬೇಕು. 40-50 ಲಕ್ಷ ಇದ್ದರೆ ನೆಮ್ಮದಿ. ಚಿಕ್ಕಪ್ಪ 60 ಕಿಲೋ. ಅಂದರೆ ಕಡೇ ಪಕ್ಷ 12 ಕೋಟಿ. ಮೊದಲ ದಿನದ ಚೀಲ ಲ್ಯಾಬಿಗೆ ಹೋಯಿತು. ಸಂಜೆ ಬಂದ ಲೆಕ್ಕ ಪ್ರತಿ ಕಿಲೋಗೆ 16 ಲಕ್ಷ. ಚಿಕ್ಕಮ್ಮನ ಮುಖ ಸಣ್ಣದಾಯಿತು. ಮಾರನೇ ದಿನ ಮತ್ತೆ ನಾಲ್ಕು ಗಂಟೆ ಯಂತ್ರದ ಪಕ್ಕ.

ಕೆಲವರಿಗೆ ಎರಡು ಮೂರು ದಿನ ಕೂತರೂ ಲೆಕ್ಕ ತುಂಬುವುದಿಲ್ಲ. ವಯಸ್ಸಾಗಿರಬಹುದು, ಮುಂಚೆ ಕೀಮೋ ಜಾಸ್ತಿ ಆಗಿರಬಹುದು, ಕೆಲವು ಔಷಧಿಗಳು ಮಜ್ಜೆಯನ್ನು ದಣಿಸಿರಬಹುದು. ಅಂಥವರಿಗೆ ಪ್ಲೆರಿಕ್ಸಫೋರ್ ಎಂಬ ಇನ್ನೊಂದು ಔಷಧಿ ಇದೆ. ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. ಇದನ್ನು ಮೊದಲು ಮಾಡಿದ್ದು ಎಚ್‌ಐವಿ ತಡೆಯಲು. ಆ ಪರೀಕ್ಷೆಯಲ್ಲಿ ಔಷಧಿ ತಗೊಂಡವರ ಬಿಳಿ ರಕ್ತಕಣ ಯಾಕೋ ಏರತೊಡಗಿತು. ಯಾರೋ ಅದನ್ನು ಅಡ್ಡಪರಿಣಾಮ ಅಂತ ಬರೆದು ಸುಮ್ನೆ ಬಿಡಲಿಲ್ಲ, ಯಾಕೆ ಅಂತ ನೋಡಿದರು. ಆಕರಕೋಶ ಮಜ್ಜೆಯಲ್ಲಿ ಒಂದು ಕೊಂಡಿಯಿಂದ ಅಂಟಿಕೊಂಡಿರುತ್ತದೆ, ಈ ಔಷಧಿ ಆ ಕೊಂಡಿಯನ್ನೇ ಬಿಡಿಸುತ್ತದೆ. ರಾತ್ರಿ ಇಂಜೆಕ್ಷನ್ ಕೊಟ್ಟರೆ ಬೆಳಗ್ಗೆ ಕೋಶಗಳು ರಕ್ತದಲ್ಲಿ ತೇಲುತ್ತಿರುತ್ತವೆ. 2008ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಹಾಗಾದರೆ ಎಲ್ಲರಿಗೂ ರಕ್ತದಿಂದಲೇ ತೆಗೆಯಬಹುದಲ್ಲ, ಮಜ್ಜೆ ಯಾಕೆ? ಇಲ್ಲಿ ಒಂದು ಸೂಕ್ಷ್ಮ ಇದೆ. ಬೇರೆಯವರಿಂದ ಪಡೆಯುವಾಗ ರಕ್ತದಿಂದ ತೆಗೆದ ಚೀಲದಲ್ಲಿ ಟಿ ಕೋಶಗಳು ಬಹಳ ಜಾಸ್ತಿ ಇರುತ್ತವೆ. ಅವು ದಾನಿಯ ಕಾವಲುಗಾರರು. ಹೊಸ ಮೈಗೆ ಬಂದು ಅದನ್ನೇ ಶತ್ರು ಎಂದುಕೊಂಡು ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ರಕ್ತದ ಕ್ಯಾನ್ಸರ್ ಇರುವವರಿಗೆ ಆ ಜಗಳ ಸ್ವಲ್ಪ ಇದ್ದರೆ ಲಾಭವೂ ಇದೆ, ಉಳಿದ ಕ್ಯಾನ್ಸರ್ ಕೋಶಗಳನ್ನು ಅವೇ ಕೊಲ್ಲುತ್ತವೆ. ಆದರೆ ಥಲಸೇಮಿಯಾ (ಕೆಂಪು ರಕ್ತಕಣ ಸರಿಯಾಗಿ ಹುಟ್ಟದ ವಂಶದ ಕಾಯಿಲೆ) ಇರುವ ಮಗುವಿಗೆ ಕ್ಯಾನ್ಸರ್ ಇಲ್ಲ. ಆ ಮಗುವಿಗೆ ಜಗಳದಿಂದ ಬರುವುದು ನಷ್ಟ ಮಾತ್ರ. ಅದಕ್ಕೇ ಮಕ್ಕಳಿಗೆ, ಥಲಸೇಮಿಯಾ ಮತ್ತು ಅಪ್ಲಾಸ್ಟಿಕ್ ಅನೀಮಿಯಾ (ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುವ ಕಾಯಿಲೆ) ಇರುವವರಿಗೆ ಇವತ್ತಿಗೂ ಹಲವು ಡಾಕ್ಟರುಗಳು ಸೂಜಿ ಹಾಕಿ ತೆಗೆದ ಮಜ್ಜೆಯನ್ನೇ ಇಷ್ಟಪಡುತ್ತಾರೆ.

ತುಂಬಿದ ಚೀಲವನ್ನು ಕಾಪಾಡುವುದು ಇನ್ನೊಂದು ಕೆಲಸ. ಪುಸ್ತಕದ ದಾರಿ ಎಂದರೆ ಘನೀಕರಿಸುವುದು. ಸುಮ್ನೆ ಫ್ರೀಜರಿಗೆ ಹಾಕಿದರೆ ಕೋಶದೊಳಗಿನ ನೀರು ಮಂಜಿನ ಸೂಜಿಗಳಾಗಿ ಕೋಶವನ್ನೇ ಸೀಳುತ್ತದೆ. ಹಾಗಾಗದಿರಲು ಡಿಎಂಎಸ್‌ಓ ಎಂಬ ದ್ರವ ಸಾಮಾನ್ಯವಾಗಿ ಶೇ 10ರಷ್ಟು ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನವಾಗಿ ತಣ್ಣಗೆ ಮಾಡಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ತೊಟ್ಟಿಗೆ ಇಳಿಸುತ್ತಾರೆ. ಅಲ್ಲಿ ಅದು ವರ್ಷಗಟ್ಟಲೆ ಇರಬಲ್ಲದು. ಬೇಕಾದ ದಿನ 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿಸಬೇಕು, ಕರಗಿದ ಕೂಡಲೇ ರೋಗಿಗೆ ಏರಿಸಬೇಕು. ತಡ ಮಾಡಿದರೆ ಕಾಪಾಡಿದ ಅದೇ ಡಿಎಂಎಸ್‌ಓ ಕೋಶಗಳನ್ನು ಕೆಡಿಸುತ್ತದೆ. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗನಿಗೆ ಹೀಗೆ ಏರಿಸಿದ ದಿನ ಇಡೀ ಕಾರಿಡಾರ್‌ನಲ್ಲಿ ಬೆಳ್ಳುಳ್ಳಿ ವಾಸನೆ. ಯಾರೋ ಒಗ್ಗರಣೆ ಹಾಕಿದ್ದಾರೆ ಅಂದುಕೊಂಡೆ. ಡಿಎಂಎಸ್‌ಓ ಉಸಿರಿನ ಮೂಲಕ ಹೊರಗೆ ಹೋಗುವಾಗ ಬರುವ ವಾಸನೆ ಅದು.

ಚಿಕ್ಕಪ್ಪನ ಚೀಲಗಳಿಗೆ ಇದ್ಯಾವುದೂ ಆಗಲಿಲ್ಲ. ಅವು 4 ಡಿಗ್ರಿಯ ಫ್ರಿಜ್‌ನಲ್ಲಿ ಕೂತಿದ್ದವು, ಅಷ್ಟೇ. ಮೊದಲು ನನಗೆ ಇದು ಯಾಕೋ ಸರಿ ಅನ್ನಿಸಲಿಲ್ಲ. ಹೊರದೇಶದಲ್ಲಿ ಘನೀಕರಿಸುತ್ತಾರೆ, ಇಲ್ಲಿ ದುಡ್ಡು ಉಳಿಸಲು ಹೀಗೆ ಮಾಡುತ್ತಿದ್ದಾರಾ ಎಂಬ ಅನುಮಾನ. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮೈಲೋಮಾಗೆ ಕೊಡುವ ಮೆಲ್ಫಲಾನ್ ಎಂಬ ಔಷಧಿ ಮೈಯಿಂದ ಬಹಳ ಬೇಗ ಖಾಲಿಯಾಗುತ್ತದೆ. ಒಂದು ದಿನ ಬಿಟ್ಟರೆ ಸಾಕು, ಕೋಶಗಳನ್ನು ವಾಪಸ್ ಕೊಡಬಹುದು. ಎರಡು ಮೂರು ದಿನದ ಮಟ್ಟಿಗೆ ಫ್ರಿಜ್‌ನಲ್ಲಿಟ್ಟ ಆಕರಕೋಶ ಚೆನ್ನಾಗಿಯೇ ಬದುಕಿರುತ್ತದೆ. ಹಾಗಿದ್ದಾಗ ಸಾರಜನಕದ ತೊಟ್ಟಿ, ಅದನ್ನು ಸದಾ ತುಂಬಿಸುತ್ತಿರುವ ಏರ್ಪಾಡು, ಡಿಎಂಎಸ್‌ಓ ತರುವ ವಾಂತಿ, ಇವೆಲ್ಲ ಯಾಕೆ? ಭಾರತದ ಹಲವು ಕೇಂದ್ರಗಳು, ಮೆಕ್ಸಿಕೋದಂಥ ದೇಶಗಳ ಡಾಕ್ಟರುಗಳು ವರ್ಷಗಳಿಂದ ಹೀಗೆ ಮಾಡುತ್ತಿದ್ದಾರೆ, ಫಲಿತಾಂಶಗಳನ್ನೂ ಪ್ರಕಟಿಸಿದ್ದಾರೆ. ಇದನ್ನು ಬಡವರ ದಾರಿ ಎಂದು ಕರೆಯುವುದು ತಪ್ಪು. ಬುದ್ಧಿವಂತರ ದಾರಿ ಎನ್ನಬೇಕು. ಘನೀಕರಿಸುವ ಲ್ಯಾಬ್ ಇಲ್ಲದ ಊರಿನಲ್ಲೂ ಕಸಿ ಶುರುಮಾಡಲು ಇದರಿಂದ ಆಗಿದೆ. ಇದಕ್ಕೆ ಒಂದು ಮಿತಿ ಮಾತ್ರ ಇದೆ. ಕೀಮೋ ನಾಲ್ಕೈದು ದಿನ ಹಿಡಿಯುವ ರೋಗಗಳಿಗೆ, ಎರಡನೇ ಕಸಿಗೆಂದು ಕೋಶ ಎತ್ತಿಡಬೇಕಾದವರಿಗೆ ಘನೀಕರಿಸಲೇಬೇಕು.

ಮೆಲ್ಫಲಾನ್ ಕೊಡುವ ದಿನ ಚಿಕ್ಕಪ್ಪನಿಗೆ ಒಂದು ಬಟ್ಟಲು ಐಸ್ ತುಂಡು ಕೊಟ್ಟು, ಚೀಪುತ್ತಾ ಇರಿ ಎಂದರು. ಬಾಯಿ ತಣ್ಣಗಾದರೆ ಅಲ್ಲಿನ ರಕ್ತನಾಳ ಕುಗ್ಗುತ್ತವೆ, ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತದೆ, ಬಾಯಿಹುಣ್ಣು ಕಡಿಮೆಯಾಗುತ್ತದೆ. ಎರಡು ರೂಪಾಯಿಯ ಐಸು ಮಾಡುವ ಕೆಲಸ ನೋಡಿ! ಅದಾದ ಮಾರನೇ ದಿನ ಚೀಲ ಏರಿಸಿದರು. ಆಸ್ಪತ್ರೆಯಲ್ಲಿ ಅದಕ್ಕೆ ಡೇ ಝೀರೋ ಎನ್ನುತ್ತಾರೆ. ಆಮೇಲೆ ಕಾಯುವುದು. ರಕ್ತನಾಳಕ್ಕೆ ಬಿಟ್ಟ ಕೋಶಗಳು ತಮ್ಮ ಮನೆ ತಾವೇ ಹುಡುಕಿಕೊಂಡು ಮಜ್ಜೆಗೆ ಹೋಗಿ ಕೂರುತ್ತವೆ. ಯಾರೂ ದಾರಿ ತೋರಿಸುವುದಿಲ್ಲ. ಆ ಹತ್ತು ಹನ್ನೆರಡು ದಿನ ಮೈಯಲ್ಲಿ ಬಿಳಿ ರಕ್ತಕಣ ಇಲ್ಲವೇ ಇಲ್ಲ ಎನ್ನುವ ಸ್ಥಿತಿ. ಹೊರಗಿನ ಊಟ ಇಲ್ಲ, ಹೂವು ಇಲ್ಲ, ಹಸಿ ಹಣ್ಣಿಲ್ಲ. ಕಾರಿಡಾರ್‌ನಲ್ಲಿ ಸಿಕ್ಕ ಮನೆಯವರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ಕೌಂಟ್ ಬಂತಾ?" ನ್ಯೂಟ್ರೋಫಿಲ್ ಎಂಬ ಬಿಳಿಕಣ ಮೂರು ದಿನ ಒಂದೇ ಸಮನೆ 500 ದಾಟಿದರೆ ಕಸಿ ಬೇರು ಬಿಟ್ಟಿದೆ ಎಂದು ಅರ್ಥ. ಚಿಕ್ಕಪ್ಪನಿಗೆ 11ನೇ ದಿನ ಕೌಂಟ್ ಬಂತು. ಪ್ಲೇಟ್‌ಲೆಟ್ ಬರಲು ಇನ್ನೂ ಐದು ದಿನ ಹಿಡಿಯಿತು. ಅಷ್ಟರಲ್ಲಿ ನಾಲ್ಕು ಮಂದಿ ಬಂದು ಪ್ಲೇಟ್‌ಲೆಟ್ ಕೊಟ್ಟು ಹೋಗಿದ್ದರು. ಅದರಲ್ಲಿ ಇಬ್ಬರ ಮುಖವನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಚಿಕ್ಕಪ್ಪನದು ಅವರದೇ ಕೋಶ. ಹೀಗಾಗಿ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆ ಬರಲಿಲ್ಲ. ಥಲಸೇಮಿಯಾ, ಹೆಚ್ಚಿನ ಲ್ಯುಕೇಮಿಯಾಗಳಿಗೆ ಬೇರೆಯವರ ಕೋಶವೇ ಬೇಕು. ಇಲ್ಲಿ ರಕ್ತದ ಗುಂಪು ಹೊಂದಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹೊಂದಬೇಕಿಲ್ಲ. ಗುಂಪು ಬೇರೆಯಾದರೆ ಚೀಲದಲ್ಲಿರುವ ಕೆಂಪು ಕಣ ಅಥವಾ ಪ್ಲಾಸ್ಮಾವನ್ನು ಲ್ಯಾಬ್‌ನಲ್ಲಿ ತೆಗೆಯುತ್ತಾರೆ. ಕಸಿ ಆದ ಮೇಲೆ ರೋಗಿಯ ರಕ್ತದ ಗುಂಪೇ ದಾನಿಯದಾಗಿ ಬದಲಾಗುತ್ತದೆ. ಹೊಂದಬೇಕಾದದ್ದು ಎಚ್‌ಎಲ್‌ಎ. ಅಪ್ಪನಿಂದ ಅರ್ಧ ಗಂಟು, ಅಮ್ಮನಿಂದ ಅರ್ಧ ಗಂಟು ಬರುತ್ತದೆ. ಹಾಗಾಗಿ ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಪ್ಪ ಅಮ್ಮ ಹೆಚ್ಚಾಗಿ ಅರ್ಧ ಮಾತ್ರ ಹೊಂದುತ್ತಾರೆ. ಮನೆಗೆ ಒಂದೋ ಎರಡೋ ಮಕ್ಕಳಿರುವ ಈ ಕಾಲದಲ್ಲಿ ನಾಲ್ಕರಲ್ಲಿ ಒಂದು ಎನ್ನುವುದು ತುಂಬಾ ಕಡಿಮೆ.

ಅರ್ಧ ಹೊಂದುವವರಿಂದ ಕಸಿ ಮಾಡುವುದು ಹಿಂದೆ ಸಾವಿನ ಜೊತೆ ಆಟದಂತಿತ್ತು. ಈಗ ಎರಡು ದಾರಿ ಇವೆ. ಒಂದು, ಚೀಲದಲ್ಲಿರುವ ತಂಟೆಕೋರ ಟಿ ಕೋಶಗಳಿಗೆ ಅತಿ ಸಣ್ಣ ಅಯಸ್ಕಾಂತದ ಮಣಿ ಅಂಟಿಸಿ, ಲ್ಯಾಬ್‌ನಲ್ಲೇ ಸೆಳೆದು ಹಾಕುವುದು. ಸೊಗಸಾದ ತಂತ್ರ, ಆದರೆ ಪ್ರತಿ ಬಾರಿಯ ಸಾಮಗ್ರಿಗೇ ಲಕ್ಷಗಟ್ಟಲೆ ಬೇಕು. ಎರಡನೆಯದು ಜಾನ್ಸ್ ಹಾಪ್ಕಿನ್ಸ್‌ನವರು ರೂಢಿಗೆ ತಂದದ್ದು. ಚೀಲವನ್ನು ಹಾಗೇ ಏರಿಸಿ, ಮೂರನೇ ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ಅರ್ಧ ಶತಮಾನಕ್ಕೂ ಹಳೆಯ, ಅಗ್ಗದ ಕೀಮೋ ಔಷಧಿ. ಹೊಸ ಮೈಯನ್ನು ಕಂಡು ರೊಚ್ಚಿಗೆದ್ದ ಟಿ ಕೋಶಗಳು ಆ ಹೊತ್ತಿಗೆ ಭರದಿಂದ ಹೆಚ್ಚುತ್ತಿರುತ್ತವೆ, ಔಷಧಿ ಅವನ್ನೇ ಹೊಡೆಯುತ್ತದೆ. ಆಕರಕೋಶದೊಳಗೆ ಆ ಔಷಧಿಯನ್ನು ಮುರಿಯುವ ಕಿಣ್ವ ಇರುವುದರಿಂದ ಅವು ಉಳಿಯುತ್ತವೆ. ಲ್ಯಾಬ್ ಮಾಡಬೇಕಾದ ಕೆಲಸವನ್ನು ರೋಗಿಯ ಮೈಯೊಳಗೇ ಮಾಡಿಸಿದ ಹಾಗೆ. ಅಮ್ಮನೋ ಅಪ್ಪನೋ ದಾನಿಯಾಗುವ ಕಸಿಗಳು ನಮ್ಮ ದೇಶದಲ್ಲಿ ಹೆಚ್ಚಲು ಇದೇ ಮುಖ್ಯ ಕಾರಣ.

ಈಗ ಎಲ್ಲರ ಬಾಯಲ್ಲಿ ಇರುವುದು ಜೀನ್ ಚಿಕಿತ್ಸೆ. 2023ರ ಕೊನೆಗೆ ಬ್ರಿಟನ್, ಆಮೇಲೆ ಅಮೆರಿಕ, ಸಿಕಲ್ ಸೆಲ್ ರೋಗಕ್ಕೆ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ವಂಶದ ಕಾಯಿಲೆ) ಕಾಸ್‌ಗೆವಿ ಎಂಬ ಚಿಕಿತ್ಸೆಯನ್ನು ಒಪ್ಪಿದವು. ಕ್ರಿಸ್ಪರ್ ಕತ್ತರಿಯಿಂದ ಜೀನ್ ತಿದ್ದುವ ಮೊದಲ ಚಿಕಿತ್ಸೆ ಅದು. ಅಮೆರಿಕದಲ್ಲಿ ಆಗ ಇಟ್ಟ ಬೆಲೆ 22 ಲಕ್ಷ ಡಾಲರ್. ಸುದ್ದಿಯಲ್ಲಿ ಕತ್ತರಿಯ ಮಾತೇ ಬಂತು. ಆ ಕತ್ತರಿ ಕೆಲಸ ಮಾಡುವುದು ಯಾವುದರ ಮೇಲೆ? ರೋಗಿಯಿಂದಲೇ ತೆಗೆದ ಅದೇ ಸಿಡಿ34 ಕೋಶಗಳ ಮೇಲೆ. ಅದೇ ಯಂತ್ರ, ಅದೇ ಕೊಳವೆ, ಅದೇ ಎಣಿಕೆ. ಲ್ಯಾಬ್‌ನಲ್ಲಿ ತಿದ್ದುವಾಗ ಎಷ್ಟೋ ಕೋಶ ಕಳೆದುಹೋಗುವುದರಿಂದ ಮಾಮೂಲಿ ಕಸಿಗಿಂತ ಹಲವು ಪಟ್ಟು ಜಾಸ್ತಿ ತೆಗೆಯಬೇಕು. ಸಿಕಲ್ ಸೆಲ್ ಇರುವವರಿಗೆ ಜಿ-ಸಿಎಸ್‌ಎಫ್ ಕೊಡುವ ಹಾಗಿಲ್ಲ, ಜೀವಕ್ಕೇ ಅಪಾಯ ಆಗಬಹುದು. ಪ್ಲೆರಿಕ್ಸಫೋರ್ ಒಂದನ್ನೇ ನಂಬಬೇಕು. ಹೀಗಾಗಿ ಕೆಲವರು ಎರಡು ಮೂರು ಸಲ ಆಸ್ಪತ್ರೆಗೆ ಬಂದು ಯಂತ್ರಕ್ಕೆ ಕೂರಬೇಕಾಗುತ್ತದೆ. ತಿದ್ದಿದ ಕೋಶ ವಾಪಸ್ ಬರಲು ಆರು ತಿಂಗಳವರೆಗೂ ಹಿಡಿಯಬಹುದು. ಆಮೇಲೆ ಹಳೆಯ ಮಜ್ಜೆಯನ್ನು ಖಾಲಿ ಮಾಡಲು ಮತ್ತೆ ಕೀಮೋ ಇದ್ದೇ ಇದೆ. ಅಂದರೆ ಎಷ್ಟೇ ಹೊಸ ಚಿಕಿತ್ಸೆಯಾದರೂ ಅದು ನಿಂತಿರುವುದು ಈ ಚೀಲದ ಮೇಲೇ.

ಇದು ನಮಗೆ ದೂರದ ವಿಷಯ ಅಲ್ಲ. ಭಾರತದಲ್ಲಿ ಸಿಕಲ್ ಸೆಲ್ ಅನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಅದು ಇದೆ. ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ಯೋಜನೆಯಡಿ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿತ್ತು. ತಪಾಸಣೆ ಆಗಬೇಕು, ಸರಿ. ರೋಗ ಇದೆ ಅಂತ ಗೊತ್ತಾದ ಹಾಡಿಯ ಮಗುವಿಗೆ ಮುಂದೇನು? ಬೆಂಗಳೂರು, ವೆಲ್ಲೂರು ಬಿಟ್ಟರೆ ಆ ಮಗುವಿನ ಹತ್ತಿರದಲ್ಲಿ ಕೋಶ ತೆಗೆದು, ಎಣಿಸಿ, ಕಾಪಾಡಬಲ್ಲ ಲ್ಯಾಬ್ ಎಷ್ಟಿವೆ? ಅಗ್ಗದ ಜೀನ್ ಚಿಕಿತ್ಸೆಗೆ ನಮ್ಮವರೇ ಶ್ರಮಪಡುತ್ತಿದ್ದಾರೆ, ಅದು ದೊಡ್ಡ ಭರವಸೆ. ವೆಲ್ಲೂರಿನ ಸಿಎಂಸಿ ಆವರಣದಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಒಂದು ಘಟಕವಾಗಿರುವ ಕೇಂದ್ರ ಇದೆ. ಅಲ್ಲಿನವರು ಹಿಮೋಫೀಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಐವರ ಆಕರಕೋಶ ತೆಗೆದು, ಪಳಗಿಸಿದ ವೈರಸ್ ಮೂಲಕ ಸರಿಯಾದ ಜೀನ್ ತುಂಬಿಸಿ ವಾಪಸ್ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ ಚಿಕಿತ್ಸೆ ಬೇರೂರಿದ ಮೇಲೆ ಐವರಲ್ಲೂ ರಕ್ತಸ್ರಾವ ನಿಂತಿತ್ತು. ಸಣ್ಣ ಗಾಯಕ್ಕೂ ಹೆದರಿ ಬದುಕಿದವರಿಗೆ ಅದು ಎಂಥ ಬಿಡುಗಡೆ! ಇಂಥದ್ದು ಐವರಿಂದ ಐದು ಸಾವಿರ ಮಂದಿಗೆ ಹೋಗಬೇಕಾದರೆ ಔಷಧಿ ಕಂಪನಿಗಿಂತ ಮುಂಚೆ ಬೇಕಾದದ್ದು ಜಿಲ್ಲೆಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕೋಶ ಸಂಗ್ರಹಿಸುವ ಯಂತ್ರ ಮತ್ತು ಅದನ್ನು ಬಲ್ಲ ಕೈಗಳು. ನಾಲ್ಕಾರು ಆಸ್ಪತ್ರೆಗಳಿಗೆ ಸೇರಿ ಒಂದು ಲ್ಯಾಬ್ ಇದ್ದರೂ ಸಾಕು. ಯೋಜನೆ ರೂಪಿಸುವವರು ಈ ಮಾತನ್ನು ಗಂಭೀರವಾಗಿ ತಗೊಳ್ಳಬೇಕು ಎಂಬುದು ನನ್ನ ಬೇಡಿಕೆ.

ಸ್ಟೆಮ್ ಸೆಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬೇರೆ ಸಂಗತಿಗಳ ಬಗ್ಗೆಯೂ ಒಂದೆರಡು ಮಾತು ಹೇಳಲೇಬೇಕು. ಹೆರಿಗೆಗೆ ಮುಂಚೆ ದಂಪತಿಗಳ ಹತ್ತಿರ ಬಂದು, ಹೊಕ್ಕುಳಬಳ್ಳಿ ರಕ್ತ ಎತ್ತಿಡಿ, ಮಗುವಿನ ಜೀವನಕ್ಕೆ ವಿಮೆ ಇದ್ದ ಹಾಗೆ ಎನ್ನುವವರು ಇದ್ದಾರೆ. ಹೊಕ್ಕುಳಬಳ್ಳಿ ರಕ್ತ ಒಳ್ಳೆಯ ವಸ್ತುವೇ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ತಂಗಿಯ ಹೊಕ್ಕುಳಬಳ್ಳಿ ರಕ್ತದಿಂದ ಅಣ್ಣನನ್ನು ಉಳಿಸಿದರು. ಆದರೆ ಗಮನಿಸಿ, ಅಲ್ಲಿ ಉಳಿದದ್ದು ಬೇರೆ ಮಗು. ಥಲಸೇಮಿಯಾದಂಥ ವಂಶದ ರೋಗ ಇದ್ದರೆ ಮಗುವಿನ ಸ್ವಂತ ಹೊಕ್ಕುಳಬಳ್ಳಿ ರಕ್ತದಲ್ಲೂ ಅದೇ ದೋಷ ಇರುತ್ತದೆ. ಸ್ವಂತದ್ದು ಬೇಕಾಗುವ ಸಾಧ್ಯತೆ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದು ಎಂದು ಲೆಕ್ಕ ಹಾಕಿದ್ದಾರೆ. ಮನೆಯಲ್ಲಿ ಈಗಾಗಲೇ ಕಸಿ ಬೇಕಾದ ಇನ್ನೊಂದು ಮಗು ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಖಾಸಗಿಯಾಗಿ ಎತ್ತಿಡುವುದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸು ಮಾಡುವುದಿಲ್ಲ. ಹಾಗೆಯೇ ಆಟಿಸಂಗೆ, ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆ ಎನ್ನುವ ಜಾಹೀರಾತು ಕಂಡರೆ ದಯವಿಟ್ಟು ಎರಡು ಸಲ ಯೋಚಿಸಿ. ರಕ್ತದ ರೋಗಗಳಿಗೆ ಮಾಡುವ ಈ ಕಸಿ ದಶಕಗಳ ಸೋಲು ಗೆಲುವಿನಿಂದ ಕಲಿತ ವಿದ್ಯೆ. ಅದರ ಹೆಸರನ್ನು ಇನ್ಯಾವುದಕ್ಕೋ ಅಂಟಿಸಿ ಕಷ್ಟದಲ್ಲಿರುವ ತಂದೆ ತಾಯಿಯ ಹತ್ತಿರ ದುಡ್ಡು ಕೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮತ್ತೆ ದಾನಿಯ ವಿಷಯ. ಜಗತ್ತಿನಲ್ಲಿ ಆಕರಕೋಶ ಕೊಡಲು ಹೆಸರು ಬರೆಸಿದವರು 4 ಕೋಟಿಗೂ ಜಾಸ್ತಿ. 140 ಕೋಟಿ ಜನರಿರುವ ನಮ್ಮ ದೇಶದಲ್ಲಿ ಕೆಲವು ಲಕ್ಷ ಮಾತ್ರ. ಎಚ್‌ಎಲ್‌ಎ ಹೊಂದಿಕೆ ಒಂದೇ ಮೂಲದ ಜನರಲ್ಲಿ ಸಿಗುವುದು ಹೆಚ್ಚು. ನಮ್ಮಲ್ಲಿ ತಲೆತಲಾಂತರದಿಂದ ಒಳಗೊಳಗೇ ಮದುವೆ ನಡೆದಿರುವುದರಿಂದ ಇದು ಇನ್ನೂ ನಿಜ. ಹಾವೇರಿಯ ಹುಡುಗಿಗೆ ಜರ್ಮನಿಯ ಪಟ್ಟಿಯಲ್ಲಿ ದಾನಿ ಸಿಗುವುದು ಕಷ್ಟ, ಪಕ್ಕದ ಊರಿನ ಯಾರದೋ ಮೈಯಲ್ಲಿ ಇರಬಹುದು. ಅವರು ಹೆಸರು ಬರೆಸಿಲ್ಲ, ಅಷ್ಟೇ. ಅಮೆರಿಕ, ಬ್ರಿಟನ್‌ನಲ್ಲಿರುವ ಕನ್ನಡದವರಿಗೂ ಕಾಯಿಲೆ ಬಂದಾಗ ಇದೇ ತೊಂದರೆ.

ಹೆಸರು ಬರೆಸುವುದು ಸುಲಭ. ಚೆನ್ನೈಯ ದಾತ್ರಿ, ಬೆಂಗಳೂರಿನಿಂದ ನಡೆಯುವ ಡಿಕೆಎಂಎಸ್ ಇಂಡಿಯಾದಂಥ ಸಂಸ್ಥೆಗಳಿವೆ. ವಯಸ್ಸು 18 ತುಂಬಿರಬೇಕು, ಮೇಲಿನ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬೇರೆ. ಎಳೆಯರಾದಷ್ಟೂ ಒಳ್ಳೆಯದು. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಆಯಿತು. ಆಮೇಲೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಕೆಲವರಿಗೆ ಜೀವಮಾನವಿಡೀ ಕರೆ ಬರುವುದೇ ಇಲ್ಲ. ಬಂದಾಗ ಏನಾಗುತ್ತದೆ ಎನ್ನುವುದು ಈ ಸಂಸ್ಥೆಗಳವರು ಮತ್ತೆ ಮತ್ತೆ ಹೇಳಿಕೊಳ್ಳುವ ಸಂಕಟ. ಹುಡುಗನಿಗೆ ಕೊಡುವ ಮನಸ್ಸಿರುತ್ತದೆ. ಅಮ್ಮ ಅಳುತ್ತಾರೆ. ಮದುವೆ ಗೊತ್ತಾಗಿರುವ ಹುಡುಗಿಯ ಮನೆಯವರು ಬೇಡ ಎನ್ನುತ್ತಾರೆ. ಫೋನ್ ತೆಗೆಯುವುದು ನಿಲ್ಲುತ್ತದೆ. ಆ ಕಡೆ ರೋಗಿಗೆ ಕೀಮೋ ಶುರುವಾಗಿ ಹಳೆಯ ಮಜ್ಜೆ ಸುಟ್ಟುಹೋದ ಮೇಲೆ ದಾನಿ ಹಿಂದೆ ಸರಿದರೆ, ರೋಗಿಗೆ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ. 2020ರಲ್ಲಿ ಕೊರೊನಾ ಬಂದು ವಿಮಾನಗಳು ನಿಂತಾಗ ಜಗತ್ತಿನ ಸಂಸ್ಥೆಗಳು ಈ ಭಯದಿಂದಲೇ ನಿಯಮ ಬದಲಿಸಿದವು. ದಾನಿಯ ಕೋಶ ಮೊದಲು ಕೈಗೆ ಬಂದು ಘನೀಕರಿಸಿ ಇಟ್ಟ ಮೇಲೆಯೇ ರೋಗಿಗೆ ಕೀಮೋ ಶುರುಮಾಡಿ ಎಂದವು.

ನಾನು ಹೆಸರು ಬರೆಸಿದ್ದು ಚಿಕ್ಕಪ್ಪ ಮನೆಗೆ ಬಂದ ತಿಂಗಳಲ್ಲಿ. ಹತ್ತಿಕಡ್ಡಿ ಕಳಿಸುವುದಕ್ಕೆ ಮುಂಚೆ ಒಂದು ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಐದು ದಿನ ಇಂಜೆಕ್ಷನ್, ಸೊಂಟದ ನೋವು, ತುಟಿಯ ಇರುವೆ, ನಾಲ್ಕು ಗಂಟೆ ಯಂತ್ರ, ಬೆನ್ನುಹುರಿಗೆ ಏನೂ ಆಗುವುದಿಲ್ಲ ಎನ್ನುವುದು. ಅಮ್ಮ ಒಂದೇ ಪ್ರಶ್ನೆ ಕೇಳಿದಳು: "ಕರೆ ಬಂದ ದಿನ ನಾನೂ ಜೊತೆಗೆ ಬರಬಹುದಾ?"